ಜಪಾನ್ ಶ್ಯಾಮನ ಕೋಬೆ ದರ್ಶನ

ಡೆಟ್ರಾಯಿಟ್ ಕಡೆಯ ಕನ್ನಡಿಗರಲ್ಲಿ ಶ್ಯಾಮ ಅಂತ ಹೆಸರಿದ್ದವರು ನಾಲ್ಕು ಜನ. ಒಬ್ಬ ಡಾಕ್ಟರ್ ಶ್ಯಾಮ, ಒಬ್ಬ ಭಜನೆ ಶ್ಯಾಮ, ಒಬ್ಬ ಬರೀ ಶ್ಯಾಮ. ನೋವೈ ಊರಿನವನು ಜಪಾನ್ ಶ್ಯಾಮ. ಈ ಬಿರುದು ಬಂದದ್ದು ಹದಿನಾರು ವರ್ಷದ ಹಿಂದೆ ಅವನು ಕೋಬೆ ಎಂಬ ಜಪಾನಿನ ಬಂದರು ಪಟ್ಟಣದಲ್ಲಿ ಆರು ತಿಂಗಳು ಇದ್ದು ಬಂದದ್ದಕ್ಕೆ. ತೊಡಕು ಒಂದೇ. ಶ್ಯಾಮ ತನ್ನ ಜನ್ಮದಲ್ಲಿ ಕೋಬೆ ನೋಡಿರಲಿಲ್ಲ.

ನಡೆದದ್ದು ಇಷ್ಟು. ಆ ವರ್ಷ ಕಾರು ಕಂಪನಿಗಳೆಲ್ಲ ಮಕಾಡೆ ಮಲಗಿದ್ದವು. ಶ್ಯಾಮ ಎಂಜಿನಿಯರ್ ಆಗಿದ್ದ ಜಪಾನೀ ಬಿಡಿಭಾಗಗಳ ಕಂಪನಿ ಒಂದು ಶುಕ್ರವಾರ ಅವನ ಕೈಗೆ ರಟ್ಟಿನ ಪೆಟ್ಟಿಗೆ ಕೊಟ್ಟು, ಸೊಂಟ ಬಾಗಿಸಿ ನಮಸ್ಕಾರ ಮಾಡಿ, ಮನೆಗೆ ಕಳಿಸಿತು. ಡೆಟ್ರಾಯಿಟ್ ಸುತ್ತ ಎಲ್ಲೂ ಕೆಲಸವಿರಲಿಲ್ಲ. ಕಡೆಗೆ ಸಿಕ್ಕಿದ್ದು ಶಿಕಾಗೋ ಏರ್‌ಪೋರ್ಟಿನ ಮಗ್ಗುಲಲ್ಲಿರುವ ಡೆಸ್ ಪ್ಲೇನ್ಸ್‌ನ ಒಂದು ವೇರ್‌ಹೌಸಿನಲ್ಲಿ, ಪೆಟ್ಟಿಗೆ ಎತ್ತಿ ಲಾರಿಗೆ ತುಂಬುವ ಕೆಲಸ. ಒಬ್ಬ ಪೋಲಿಷ್ ಅಜ್ಜಿಯ ಬೇಸ್‌ಮೆಂಟಿನಲ್ಲಿ ಬಾಡಿಗೆಗಿದ್ದು ಆರು ತಿಂಗಳು ಲಾರಿ ತುಂಬಿದ. ಆಮೇಲೆ ಕಂಪನಿ ಮತ್ತೆ ಕರೆಯಿತು, ಮತ್ತೆ ಸೊಂಟ ಬಾಗಿಸಿತು.

ಕೋಬೆ ಹುಟ್ಟಿದ್ದು ಹೆಂಡತಿ ಪದ್ಮಜಾಳ ಬಾಯಲ್ಲಿ. ಶ್ಯಾಮ ಹೋದ ವಾರವೇ ಯುಗಾದಿ ಬಂತು, ಒಬ್ಬಟ್ಟಿನ ಡಬ್ಬಿ ಹಿಡಿದು ಪಕ್ಕದ ಬಡಾವಣೆಯ ರೇಣು ಬಂದಳು. ಗಂಡ ಎಲ್ಲಿ ಎಂದಳು. ಪೆಟ್ಟಿಗೆ ಹೊರಲು ಹೋಗಿದ್ದಾನೆ ಎನ್ನಲು ಪದ್ಮಜಾಳಿಗೆ ನಾಲಿಗೆ ಏಳಲಿಲ್ಲ. "ಕಂಪನಿಯೋರು ಜಪಾನಿಗೆ ಕಳಿಸಿದಾರೆ" ಎಂದಳು. "ಜಪಾನಲ್ಲಿ ಎಲ್ಲಿ?" ಅಡುಗೆಮನೆ ಗೋಡೆಯ ಕಂಪನಿ ಕ್ಯಾಲೆಂಡರಿನಲ್ಲಿ ಆ ತಿಂಗಳು ಒಂದು ಬಂದರಿನ ಚಿತ್ರವಿತ್ತು, ಕೆಳಗೆ ಕೋಬೆ ಅಂತ ಬರೆದಿತ್ತು. ಸಂಜೆಯೊಳಗೆ ಸುದ್ದಿ ಕ್ಯಾಂಟನ್, ಟ್ರಾಯ್, ಫಾರ್ಮಿಂಗ್ಟನ್ ಹಿಲ್ಸ್ ಎಲ್ಲ ಸುತ್ತಿತು. ರೇಣು ಇದ್ದ ಕಡೆ ವಾಟ್ಸಾಪ್ ಬೇಕಾಗಿರಲಿಲ್ಲ.

ಹನ್ನೊಂದು ವರ್ಷದ ಮಗಳು ವಿಭಾಳಿಗೂ ಅದೇ ಕತೆ. ಅವಳು ಸ್ಕೂಲಿನಲ್ಲಿದ್ದಾಗ ನೋಡಿ ಶ್ಯಾಮ ಮನೆ ಬಿಟ್ಟಿದ್ದ. ಎದುರು ನಿಂತು ಹೋಗಿ ಬರ್ತೀನಿ ಎನ್ನುವಷ್ಟು ಗುಂಡಿಗೆ ಅವನಿಗಿರಲಿಲ್ಲ. ಭಾನುವಾರ ಫೋನು ಮಾಡುತ್ತಿದ್ದ. "ಎಲ್ಲಿದೀಯಾ ಅಪ್ಪ?" ಎಂದರೆ "ಡಾಕ್‌ನಲ್ಲಿದೀನಿ ಪುಟ್ಟಿ" ಎನ್ನುತ್ತಿದ್ದ. ಹಡಗು ನಿಲ್ಲುವ ಕಟ್ಟೆಯಂತೆ ಲಾರಿ ಬಂದು ಬೆನ್ನು ತಾಗಿಸುವ ಕಟ್ಟೆಗೂ ಡಾಕ್ ಎಂದೇ ಹೆಸರು. ಅಷ್ಟರ ಮಟ್ಟಿಗೆ ಶ್ಯಾಮ ಸತ್ಯವಂತ. ವಾಪಸ್ ಬರುವಾಗ ಅಲ್ಲೇ ಹತ್ತಿರದ ಆರ್ಲಿಂಗ್ಟನ್ ಹೈಟ್ಸ್‌ನ ಜಪಾನೀ ಅಂಗಡಿಯಿಂದ ಕೈ ಎತ್ತಿದ ಬೆಕ್ಕಿನ ಗೊಂಬೆ ತಂದ. ಅದು ವಿಭಾಳ ಮೇಜಿನ ಮೇಲೆ ಕೂತಿತು. ಹೈಸ್ಕೂಲಿನಲ್ಲಿ ಎಲ್ಲರೂ ಸ್ಪ್ಯಾನಿಷ್ ತಗೊಂಡರೆ ಅವಳು ಜಪಾನೀ ತಗೊಂಡಳು. ಆನ್ ಆರ್ಬರಿನ ಕಾಲೇಜಿಗೆ ಹೋದಮೇಲೂ ಬಿಡಲಿಲ್ಲ.

"ಅಪ್ಪ ಅಂದ್ರೆ ಅಷ್ಟು ಅಭಿಮಾನ ಅವಳಿಗೆ" ಎಂದು ಜನ ಹೊಗಳಿದಾಗಲೆಲ್ಲ ಶ್ಯಾಮ ಕಾಫಿ ತರುತ್ತೇನೆಂದು ಒಳಗೆ ಎದ್ದು ಹೋಗುತ್ತಿದ್ದ. ಒಮ್ಮೆ ಮಗಳು ಊಟದ ಹೊತ್ತಿಗೆ ಅವನೊಂದಿಗೆ ಜಪಾನೀ ಭಾಷೆಯಲ್ಲಿ ಮಾತು ಶುರುಮಾಡಿದಳು. "ಮನೆಯೊಳಗೆ ಕನ್ನಡ ಮಾತ್ರ!" ಎಂದು ಅವನು ಮೇಜು ಗುದ್ದಿದ. ಈ ಸಂಗತಿ ಹೇಗೋ ಹೊರಬಿದ್ದು, ಆ ವರ್ಷದ ರಾಜ್ಯೋತ್ಸವದಲ್ಲಿ ಅವನಿಗೆ ಭಾಷಾಭಿಮಾನಿ ಅಂತ ಒಂದು ಫಲಕ ಕೊಟ್ಟರು.

ಹೀಗೇ ಜೀವನ ಕಳೆದುಹೋಗುತ್ತಿತ್ತು, ಮಧ್ಯೆ ಬೀಗರು ಬಂದರು.

ವಿಭಾಳಿಗೆ ಶಿಕಾಗೋ ಹತ್ತಿರದ ಹಾಫ್‌ಮನ್ ಎಸ್ಟೇಟ್ಸ್‌ನ ಕಿಶೋರನೊಂದಿಗೆ ನಿಶ್ಚಯವಾಗಿತ್ತು. ಹುಡುಗ ಡಾಕ್ಟರು, ಬಂಗಾರದಂಥವನು. ಅವನಪ್ಪ ಶಿವರಾಮು ಅಂಥವರೇ, ಆದರೆ ಮೈಕು ಕಂಡರೆ ಬಿಡುವವರಲ್ಲ. ಶಿಕಾಗೋದ ಒಂದು ಕನ್ನಡ ಸಂಘಕ್ಕೆ ಎರಡು ಸಲ ಅಧ್ಯಕ್ಷರಾಗಿದ್ದವರು. ಅವರ ಕಾರಿನ ಡಿಕ್ಕಿಯಲ್ಲಿ ಸ್ಟೆಪ್ನಿ ಇಲ್ಲದಿದ್ದರೂ ಒಂದು ಶಾಲು, ಒಂದು ಮೈಸೂರು ಪೇಟ ಇರುತ್ತಿತ್ತು, ಯಾರಿಗೆ ಯಾವಾಗ ಸನ್ಮಾನ ಮಾಡಬೇಕಾಗುತ್ತದೋ ಅಂತ. ಒಂದು ಶನಿವಾರ ತಮ್ಮ ಬೇಸ್‌ಮೆಂಟಿನಲ್ಲಿ ಬಿಸಿಬೇಳೆಬಾತು ಬಡಿಸಿ ಅವರು ಘೋಷಿಸಿದರು.

"ಮದುವೆಗೆ ಮುಂಚೆ ಎರಡೂ ಮನೆಯೋರು ಜಪಾನ್ ನೋಡ್ಕಂಡು ಬರೋಣ. ಟೋಕಿಯೋ ಎಲ್ಲ ಯಾರು ಬೇಕಾದ್ರೂ ನೋಡ್ತಾರೆ. ನಾವು ಕೋಬೆಗೆ ಹೋಗಬೇಕು. ಬೀಗರು ಅವರ ಊರನ್ನ ನಮಗೆ ತೋರಿಸ್ಬೇಕು!"

ಅವರ ಹೆಂಡತಿ ದೇವಮ್ಮ ಚಪ್ಪಾಳೆ ತಟ್ಟಿದರು. ಶ್ಯಾಮನ ಗಂಟಲಿನಲ್ಲಿ ಬೂಂದಿ ಸಿಕ್ಕಿಕೊಂಡಿತು. ವಿಭಾ ಅಪ್ಪನ ಬೆನ್ನು ತಟ್ಟುತ್ತಾ ಶಿವರಾಮು ಕಡೆ ತಿರುಗಿ, "ಹೋಗೋಣ ಅಂಕಲ್, ತುಂಬಾ ಫನ್ ಆಗಿರತ್ತೆ" ಎಂದಳು.

ಬೀಗರೆದುರು ಮಾನ ಹೋದರೆ ಹೋಗಲಿ, ಒಂದು ತಿಂಗಳು ನಗುತ್ತಾರೆ, ಆಮೇಲೆ ಮದುವೆ ಗಲಾಟೆಯಲ್ಲಿ ಮರೆಯುತ್ತಾರೆ. ಶ್ಯಾಮನನ್ನು ಕೊರೆದದ್ದು ಮಗಳು. ಇಲ್ಲದ ಒಬ್ಬ ಅಪ್ಪನನ್ನು ನಂಬಿ ಅವಳು ಒಂದು ಇಡೀ ಭಾಷೆ ಕಲಿತಿದ್ದಳು. ಮದುವೆಯಾಗಿ ಹೋಗುವ ಹೊತ್ತಿನಲ್ಲಿ, ನಿನ್ನಪ್ಪ ಕೋಬೆಗೆ ಹೋದವನಲ್ಲ, ಕಾಗೆ ಹಾರಿಸಿದವನು ಎಂದು ಅವಳಿಗೆ ತಿಳಿಯುವುದನ್ನು ನೆನೆದರೆ ಅವನಿಗೆ ಅನ್ನ ಇಳಿಯುತ್ತಿರಲಿಲ್ಲ.

ಕಿಶೋರನಿಗೆ ಆಸ್ಪತ್ರೆಯಲ್ಲಿ ರಜೆ ಸಿಗಲಿಲ್ಲ. ಉಳಿದ ಐವರು ಹೊರಟರು. ಕೋಬೆಯಲ್ಲಿ ಊರು ತೋರಿಸುವ ಬಸ್ಸು ಹತ್ತುವಾಗ ಇಂಗ್ಲಿಷ್ ಗೈಡ್ ಇರುವ ಬಸ್ಸು ಹಿಡಿಯೋಣ ಎಂದು ಶ್ಯಾಮ ಹೇಳಿ ನೋಡಿದ. "ಮನೇಲಿ ಇಬ್ಬಿಬ್ಬರು ಪಂಡಿತರನ್ನ ಇಟ್ಕಂಡು ಇಂಗ್ಲಿಷ್ ಬಸ್ಸಾ!" ಎಂದು ಶಿವರಾಮು ಎಲ್ಲರನ್ನೂ ಪಕ್ಕಾ ಜಪಾನೀ ಬಸ್ಸಿಗೆ ಹತ್ತಿಸಿದರು.

ಶ್ಯಾಮ ಒಂದು ಉಪಾಯ ಮಾಡಿಕೊಂಡು ಬಂದಿದ್ದ. ಕುತ್ತಿಗೆಗೆ ಮಫ್ಲರ್ ಸುತ್ತಿ, ಗಂಟಲು ಕೆಟ್ಟಿದೆ ಎಂದ. ಕೆಟ್ಟದ್ದು ಜಪಾನೀ ಭಾಷೆಗೆ ಮಾತ್ರ. ಕನ್ನಡಕ್ಕೆ ಅದೇ ಗಂಟಲು ಸಲೀಸಾಗಿತ್ತು. ದೇವಮ್ಮ ಇದನ್ನು ಗಮನಿಸಿ ಬಾಯಿ ತೆರೆಯುವಷ್ಟರಲ್ಲಿ ವಿಭಾ, "ಅಪ್ಪ ರೆಸ್ಟ್ ಮಾಡ್ಲಿ ಆಂಟಿ. ಗೈಡ್ ಹೇಳೋದನ್ನ ನಾನು ಟ್ರಾನ್ಸ್‌ಲೇಟ್ ಮಾಡ್ತೀನಿ" ಎಂದಳು. ಶ್ಯಾಮ ಮನಸ್ಸಿನಲ್ಲೇ ಮಗಳಿಗೆ ದೃಷ್ಟಿ ತೆಗೆದ.

ಬಸ್ಸಿನ ತುಂಬ ಯಾವುದೋ ಊರಿನ ನಿವೃತ್ತರ ಸಂಘದ ಮುದುಕ ಮುದುಕಿಯರು. ಎಲ್ಲರ ತಲೆ ಮೇಲೂ ಟೋಪಿ, ಎಲ್ಲರ ತೊಡೆ ಮೇಲೂ ತಿಂಡಿ ಪೊಟ್ಟಣ. ಗೈಡಮ್ಮ ಬಿಳಿ ಕೈಗವಸು ತೊಟ್ಟು, ಮೈಕು ಹಿಡಿದು, ಪ್ರತಿ ವಾಕ್ಯಕ್ಕೊಮ್ಮೆ ಬಾಗುತ್ತಿದ್ದಳು. ಒಂದೊಂದು ಕಡೆ ಜನ ಇಳಿಯುವಾಗಲೂ ಬಾಗಿಲಲ್ಲಿ ನಿಂತು "ಇತ್ತೆರಾಷ್ಷಾಯ್" ಎನ್ನುತ್ತಿದ್ದಳು.

"ಹಂಗಂದ್ರೇನಮ್ಮ?" ಎಂದರು ದೇವಮ್ಮ.

"ಹೋಗಿ ಬನ್ನಿ ಅಂತ ಆಂಟಿ. ಮನೆಯಿಂದ ಹೊರಡೋರಿಗೆ ಹೇಳ್ತಾರೆ. ಹೊರಡೋರು ಹೋಗಿ ಬರ್ತೀನಿ ಅಂತಾರೆ."

"ನಮ್ಮಂಗೇ! ಬರೀ ಹೋಗ್ತೀನಿ ಅನ್ನಂಗಿಲ್ಲ!" ದೇವಮ್ಮನಿಗೆ ಜಪಾನಿನ ಮೇಲೆ ಅಲ್ಲಿಂದ ಪ್ರೀತಿ ಬಂತು. ಶ್ಯಾಮ ಕಿಟಕಿಯಾಚೆ ನೋಡುತ್ತಾ ಕೂತ.

ಸಮುದ್ರದ ಅಂಚಿನಲ್ಲಿ ಕೆಂಪು ಗೋಪುರ ಕಂಡಿತು, ನಡು ಸಣ್ಣ, ಮೇಲೂ ಕೆಳಗೂ ಅಗಲ. "ಅದೇನು ಬೀಗರೇ, ಡಮರು ನೆಟ್ಟಂಗಿದೆ?" ಎಂದರು ಶಿವರಾಮು. ಬೇರೆ ಉತ್ತರ ಗೊತ್ತಿಲ್ಲದೆ ಶ್ಯಾಮ, "ಡಮರೂನೇ. ಅದನ್ನ ನೋಡೇ ಕಟ್ಟಿದ್ದು" ಎಂದ. ಗೈಡಮ್ಮ ಮೈಕಿನಲ್ಲಿ ಏನೋ ಹೇಳಿದಳು. ವಿಭಾ ಮುಂದೆ ಬಾಗಿ, "ಹೌದಂತೆ ಅಂಕಲ್. ಇಲ್ಲಿನವರ ಹಳೇ ಡ್ರಮ್ ಒಂದರ ಶೇಪ್ ಅಂತೆ" ಎಂದಳು. ಪದ್ಮಜಾ ಗಂಡನ ತೊಡೆ ಚಿವುಟಿದಳು. ಶ್ಯಾಮನಿಗೇ ಆಶ್ಚರ್ಯ. ಬಾಯಿಗೆ ಬಂದದ್ದು ನಿಜವಾಗಿಬಿಟ್ಟಿತ್ತು.

ಒಂದು ಸಲ ಹೀಗಾದರೆ ಮನುಷ್ಯನಿಗೆ ಕೊಬ್ಬು ಬರುತ್ತದೆ. ಬಸ್ಸು ಬೆಟ್ಟದ ಮೇಲೆ ಹತ್ತಿತು, ಹಿಂದಿನ ಕಾಲದ ಪರದೇಶಿ ವ್ಯಾಪಾರಿಗಳ ಮನೆಗಳ ಸಾಲಿಗೆ. ಒಂದರ ನೆತ್ತಿಯ ಮೇಲೆ ಗಾಳಿ ಬೀಸಿದ ಕಡೆ ತಿರುಗುವ ಕಬ್ಬಿಣದ ಹುಂಜವಿತ್ತು. ಅದನ್ನು ಕಂಡರೆ ಶ್ಯಾಮನಿಗೆ ಸ್ವಂತ ಅಣ್ಣನನ್ನು ಕಂಡ ಹಾಗಾಯಿತು. "ನಾನಿದ್ದದ್ದು ಈ ಬೀದೀಲೇ. ಅಗೋ, ಅದರ ಹಿಂದಿನ ಮನೆ. ಬೆಳಗ್ಗೆ ಆ ಹುಂಜ ನೋಡೇ ಸ್ವೆಟರ್ ಹಾಕ್ಕೋಬೇಕೋ ಬೇಡ್ವೋ ಅಂತ ತೀರ್ಮಾನ ಮಾಡ್ತಿದ್ದೆ" ಎಂದ. ಗೈಡಮ್ಮ ಬಹಳ ಹೊತ್ತು ಮಾತಾಡಿದಳು. ವಿಭಾ ಗಂಭೀರವಾಗಿ ಕೇಳಿಸಿಕೊಂಡು, "ಬಾಡಿಗೆಗೆ ಇರೋರೆಲ್ಲ ಹಾಗೇ ಮಾಡ್ತಿದ್ರಂತೆ" ಎಂದಳು.

ಶ್ಯಾಮನ ಎದೆ ಉಬ್ಬಿತು. ಹಿಂದಿನ ಜನ್ಮದಲ್ಲಿ ಇಲ್ಲೇ ಇದ್ದಿರಬಹುದೇ ಅಂತಲೂ ಒಂದು ಕ್ಷಣ ಅನ್ನಿಸಿತು.

ಬಂದರಿನಲ್ಲಿ, ಹಿಂದಿನ ದೊಡ್ಡ ಭೂಕಂಪದಲ್ಲಿ ಒಡೆದ ಕಟ್ಟೆಯನ್ನು ಒಡೆದ ಹಾಗೇ ಉಳಿಸಿದ್ದರು. ದೀಪದ ಕಂಬಗಳು ವಾಲಿಕೊಂಡೇ ನಿಂತಿದ್ದವು. ಅಲ್ಲಿ ಗೈಡಮ್ಮ ದನಿ ತಗ್ಗಿಸಿದಳು, ಮುದುಕರು ಟೋಪಿ ತೆಗೆದರು. ಅಲ್ಲಿ ಮಾತ್ರ ಶ್ಯಾಮ ಬಾಯಿ ಬಿಡಲಿಲ್ಲ. ಅಷ್ಟು ಬುದ್ಧಿ ಅವನಿಗಿತ್ತು.

ಮತ್ತೆ ಬಸ್ಸು ಹತ್ತಿದ ಮೇಲೆ ಶಿವರಾಮು, "ನಿಮ್ಮ ಆಫೀಸು ಯಾವ ಕಡೆ ಬೀಗರೇ?" ಎಂದರು. ಬೆಳ್ಳನೆಯ ಹಡಗಿನ ಪಟದಂಥ ಚಾವಣಿಯ ಒಂದು ಚೆಂದದ ಕಟ್ಟಡ ಎದುರಿಗಿತ್ತು. ಶ್ಯಾಮ ಕೈ ಚಾಚಿ, "ಅದೇ" ಎಂದುಬಿಟ್ಟ. ಬಸ್ಸು ಹತ್ತಿರ ಹೋಯಿತು. ದೇವಮ್ಮ ಕನ್ನಡಕ ಏರಿಸಿ ಓದಿದರು.

"ಮ್ಯೂಸಿಯಂ ಅಂತ ಇಂಗ್ಲಿಷಲ್ಲಿ ಬರೆದವ್ರಲ್ಲ?"

ಶ್ಯಾಮ ಮಫ್ಲರನ್ನು ಮೂಗಿನ ತನಕ ಎಳೆದುಕೊಂಡ. ಅಷ್ಟರಲ್ಲಿ ಹಿಂದಿನಿಂದ ವಿಭಾಳ ದನಿ. "ಆಂಟಿ, ಗೈಡ್ ಈಗ ಅದೇ ಹೇಳಿದ್ರು. ಮುಂಚೆ ಮೇಲಿನ ಫ್ಲೋರಲ್ಲಿ ಕಂಪನಿಗಳಿದ್ವಂತೆ, ಎಲ್ಲ ಶಿಫ್ಟ್ ಆದ್ವಂತೆ."

ಶ್ಯಾಮ ಉಸಿರು ಬಿಟ್ಟು ಕೃತಜ್ಞತೆಯಿಂದ ಗೈಡಮ್ಮನ ಕಡೆ ನೋಡಿದ. ಗೈಡಮ್ಮ ಮೈಕು ಕೆಳಗಿಟ್ಟು, ಮುಖ ಆ ಕಡೆ ತಿರುಗಿಸಿ, ಬಾಟಲಿಯಿಂದ ನೀರು ಕುಡಿಯುತ್ತಿದ್ದಳು. ಬಹಳ ಹೊತ್ತಿನಿಂದ ಅವಳು ಮಾತೇ ಆಡಿರಲಿಲ್ಲ.

ಅವನು ಮೆಲ್ಲಗೆ ಮಗಳ ಕಡೆ ತಿರುಗಿದ. ವಿಭಾ ಕಿಟಕಿಯಾಚೆ ಹಡಗು ನೋಡುತ್ತಿದ್ದಳು, ಏನೂ ಅರಿಯದ ಮಗುವಿನಂತೆ. ಇವಳಿಗೆ ಗೊತ್ತು. ಯಾವಾಗಿನಿಂದ? ಬೆಳಗ್ಗೆಯಿಂದ? ವಿಮಾನದಿಂದ? ಎಷ್ಟು ಗೊತ್ತು? ಪದ್ಮಜಾಳ ಕಡೆ ನೋಡಿದರೆ ಅವಳೂ ಬೆಪ್ಪಾಗಿ ಕೂತಿದ್ದಳು.

ಯೋಚಿಸಲು ಪುರುಸೊತ್ತು ಸಿಗಲಿಲ್ಲ. ಪ್ರವಾಸ ಮುಗಿಯಿತೆಂದು ಗೈಡಮ್ಮ ಕೊನೆಯ ಸಲ ಬಾಗುತ್ತಿದ್ದಂತೆ ಶಿವರಾಮು ಎದ್ದು ನಿಂತರು. ವಂದನಾರ್ಪಣೆಯಿಲ್ಲದೆ ಯಾವ ಕಾರ್ಯಕ್ರಮವನ್ನೂ ಮುಗಿಸಿ ಅವರಿಗೆ ಅಭ್ಯಾಸವಿರಲಿಲ್ಲ. ಕೈಚೀಲದಿಂದ ಶಾಲು ತೆಗೆದು ಕಕ್ಕಾಬಿಕ್ಕಿಯಾದ ಗೈಡಮ್ಮನಿಗೆ ಹೊದಿಸಿದರು. ಪೇಟ ತೆಗೆದು ಶ್ಯಾಮನ ತಲೆಗಿಟ್ಟರು. ಮೈಕು ಅವನ ಕೈಗೆ ಕೊಟ್ಟು, "ಈ ಊರಿನ ಅನ್ನ ಉಂಡೋರು. ಗಂಟಲು ಹೆಂಗಾದ್ರೂ ಇರ್ಲಿ, ಇವರ ಭಾಷೇಲಿ ಎರಡು ಮಾತು ಆಡಲೇಬೇಕು" ಎಂದರು.

ಪೇಟ ಹೊತ್ತ ಪರದೇಶಿಯನ್ನು ಬಸ್ಸಿಗೆ ಬಸ್ಸೇ ನೋಡುತ್ತಿತ್ತು. ಶ್ಯಾಮನಿಗೆ ಬರುತ್ತಿದ್ದದ್ದು ನೋವೈ ಫ್ಯಾಕ್ಟರಿಯ ಗೋಡೆಗಳ ಮೇಲಿದ್ದ ಜಪಾನೀ ಮಾತ್ರ. ಬೆವರು ಒರೆಸಿಕೊಂಡು ಅದನ್ನೇ ಶುರುಮಾಡಿದ.

"ಅಂಝೆನ್ ದಾಯಿಚಿ!" ಅಂದರೆ ಸುರಕ್ಷತೆಯೇ ಮೊದಲು. "ಕಾಯ್‌ಝೆನ್!" ಅಂದರೆ ಸುಧಾರಣೆ. ಇನ್ನೊಂದು ಬೇಕಿತ್ತು. "ಮುದಾ!"

"ಕೇಳಿದ್ರಾ? ಮುದ! ಮನಸ್ಸಿಗೆ ಮುದ!" ಎಂದು ಶಿವರಾಮು ಕುಣಿದಾಡಿದರು. ಫ್ಯಾಕ್ಟರಿಯ ಜಪಾನೀ ಭಾಷೆಯಲ್ಲಿ ಮುದಾ ಎಂದರೆ ದಂಡ, ಕೆಲಸಕ್ಕೆ ಬಾರದ್ದು. ಇಡೀ ದಿನ ಊರು ತೋರಿಸಿದ ಗೈಡಮ್ಮ ಹೊಸ ಶಾಲಿನೊಳಗೆ ಸಣ್ಣಗಾದಳು.

ವಿಭಾ ಎದ್ದು ಬಂದು ಅಪ್ಪನ ಕೈಯಿಂದ ಮೈಕು ತೆಗೆದುಕೊಂಡಳು. ಒಂದು ಕೈ ಅವನ ಭುಜದ ಮೇಲಿಟ್ಟು ಜಪಾನೀ ಭಾಷೆಯಲ್ಲಿ ಮಾತಾಡಿದಳು, ನಿಧಾನವಾಗಿ, ಬಹಳ ಹೊತ್ತು. ಗೈಡಮ್ಮ ಬಾಯಿಗೆ ಕೈಗವಸು ಅಡ್ಡ ಹಿಡಿದಳು. ಒಬ್ಬ ಅಜ್ಜಿ ಕಣ್ಣೊರೆಸಿಕೊಂಡಳು. ಮುಗಿದದ್ದೇ ತಡ, ಬಸ್ಸು ಹಾರಿಹೋಗುವಂತೆ ಚಪ್ಪಾಳೆ. ಹಿಂದಿನ ಸೀಟಿನ ಮುದುಕನೊಬ್ಬ ಎದ್ದು ಬಂದು, ಶ್ಯಾಮನ ಎದುರು ಸೊಂಟ ಮುರಿಯುವಷ್ಟು ಬಾಗಿ, "ಒತ್ಸುಕಾರೆಸಾಮಾ" ಎಂದ.

ಆ ಮಾತು ಶ್ಯಾಮನಿಗೆ ಗೊತ್ತಿತ್ತು. ಶಿಫ್ಟ್ ಮುಗಿಸಿ ಮನೆಗೆ ಹೊರಟವರಿಗೆ ಫ್ಯಾಕ್ಟರಿಯಲ್ಲಿ ಹೇಳುತ್ತಿದ್ದರು, ತುಂಬ ದುಡಿದಿರಿ, ದಣಿದಿದ್ದೀರಿ ಅಂತ. ಬಸ್ಸಿನಲ್ಲಿ ಕೂತು ಊರು ಸುತ್ತಿದವನಿಗೆ ಅದನ್ನೇಕೆ ಹೇಳಿದ ಎಂದು ಅವನಿಗೆ ತಿಳಿಯಲಿಲ್ಲ. ಮಗಳನ್ನು ಕೇಳುವ ಧೈರ್ಯವೂ ಬರಲಿಲ್ಲ. ಉಳಿದ ದಿನಗಳಲ್ಲಿ ಅವನ ಗಂಟಲು ನಿಜವಾಗಿಯೇ ಕಟ್ಟಿತು.

ಶಿಕಾಗೋ ಏರ್‌ಪೋರ್ಟ್ ಓ'ಹೇರ್‌ಗೆ ಬಂದಿಳಿದಾಗ ಮಧ್ಯಾಹ್ನ. ಬೀಗರನ್ನು ಕರೆದೊಯ್ಯಲು ಕಿಶೋರ ಬಂದಿದ್ದ. "ನಿಮ್ಮಿಂದ ಕೋಬೆ ನೋಡ್ದಂಗಾಯ್ತು" ಎಂದು ದೇವಮ್ಮ ಕೈಮುಗಿದರು. ಇವರ ಕಾರು ಡೆಸ್ ಪ್ಲೇನ್ಸ್‌ನ ಪಾರ್ಕಿಂಗ್ ಲಾಟಿನಲ್ಲಿತ್ತು. ಅಲ್ಲಿ ನಿಲ್ಲಿಸುವುದು ಬೇಡವೆಂದು ಹೋಗುವಾಗಲೇ ಶ್ಯಾಮ ತಕರಾರು ತೆಗೆದಿದ್ದ. ವಿಭಾ ಕೇಳಿರಲಿಲ್ಲ. ಈಗ ಸ್ಟಿಯರಿಂಗ್ ಹಿಡಿದವಳು ನೋವೈ ಕಡೆಯ ಹೈವೇಗೆ ತಿರುಗಿಸದೆ ಸೀದಾ ಊರೊಳಗೆ ನುಗ್ಗಿಸಿದಳು.

"ಎಲ್ಲಿಗೆ?" ಎಂದ ಶ್ಯಾಮ.

"ಕೋಬೆಗೆ. ಈಗ ನಿಜವಾದ್ದನ್ನ ತೋರಿಸು."

ಪದ್ಮಜಾ ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿದಳು. ಶ್ಯಾಮ ರಸ್ತೆ ನೋಡಿಕೊಂಡೇ ಕೇಳಿದ, "ಯಾವಾಗ ಗೊತ್ತಾಯ್ತು?"

"ಹನ್ನೊಂದು ವರ್ಷಕ್ಕೇ. ಒಂದ್ ಸಂಡೇ ಫೋನಲ್ಲಿ, ಅಲ್ಲಿ ಟೈಮ್ ಎಷ್ಟು ಅಪ್ಪ ಅಂತ ಕೇಳ್ದೆ. ನಮ್ಮನೇಲಿ ಸಂಜೆ ಏಳು. ನೀನು ವಾಚ್ ನೋಡಿ ಆರು ಅಂದೆ. ಜಪಾನಲ್ಲಿ ಅದು ಮಾರನೇ ದಿನ ಇರ್ಬೇಕಿತ್ತು. ನಮಗಿಂತ ಒಂದೇ ಒಂದು ಗಂಟೆ ಹಿಂದೆ ಇರೋದು ಶಿಕಾಗೋ."

ಡೆಟ್ರಾಯಿಟಿಗೂ ಶಿಕಾಗೋಗೂ ನಡುವಿನ ಆ ಒಂದು ಗಂಟೆ. ಎಷ್ಟು ಸುಳ್ಳಿಗೆ ಎಷ್ಟು ಗೋಡೆ ಕಟ್ಟಿದ್ದ, ಇದಕ್ಕೊಂದು ಬಾಗಿಲು ಹಾಕುವುದನ್ನೇ ಮರೆತಿದ್ದ.

"ಡೆಸ್ ಪ್ಲೇನ್ಸ್ ಅಂತ ಹೇಗೆ...?"

"ಗೊಂಬೆ ಪೊಟ್ಟಣದಲ್ಲಿ ಇಲ್ಲಿನ ನ್ಯೂಸ್‌ಪೇಪರ್ ತುರುಕಿದ್ದೆ ನೀನು. ಅದರೊಳಗೆ ವೇರ್‌ಹೌಸಿನ ಸಂಬಳದ ಚೀಟಿನೂ ಇತ್ತು."

"ಮತ್ತೆ ಆ ಭಾಷೆ ಯಾಕೆ ಕಲ್ತೆ? ನಾನು ಹೋಗಿರ್ಲಿಲ್ಲ ಅಂತ ಗೊತ್ತಿದ್ದೂ?"

"ಒಂದಲ್ಲ ಒಂದು ದಿನ ನೀನು ಸಿಕ್ಕಿಹಾಕ್ಕೊಳ್ತೀಯ ಅಂತ ಗೊತ್ತಿತ್ತು ಅಪ್ಪ. ಮನೇಲಿ ಒಬ್ಬರಿಗಾದ್ರೂ ಬರ್ಬೇಕಲ್ಲ."

ಶ್ಯಾಮನಿಗೆ ನಗು ಬಂತು, ನಗಲು ಹೋದರೆ ಅಳು ಬಂತು. ಮೈಸೂರಿನಲ್ಲಿ ಅವನಪ್ಪ ಸತ್ತಾಗಲೂ ಇಷ್ಟು ಜೋರಾಗಿ ಅತ್ತಿರಲಿಲ್ಲ. ಪದ್ಮಜಾ ಹಿಂದಿನಿಂದ ಟಿಶ್ಯೂ ಡಬ್ಬಿಯನ್ನೇ ಮುಂದಕ್ಕೆ ಎಸೆದಳು. ಮೂಗು ಒರೆಸಿಕೊಂಡು ಕೇಳಿದ, "ಬಸ್ಸಲ್ಲಿ ಏನು ಹೇಳಿದೆ ಅವರಿಗೆ?"

"ಇವರು ನನ್ನಪ್ಪ, ಈ ಊರಿಗೆ ಬಂದಿರೋದು ಇವತ್ತೇ ಮೊದಲು ಅಂದೆ. ಕೆಲಸ ಹೋದಾಗ ನಮಗೋಸ್ಕರ ಆರು ತಿಂಗಳು ಪೆಟ್ಟಿಗೆ ಎತ್ತಿದ್ರು, ಅದನ್ನ ಮುಚ್ಚಿಡೋಕೆ ನಿಮ್ಮೂರಿನ ಹೆಸರು ಸ್ವಲ್ಪ ಯೂಸ್ ಮಾಡ್ಕೊಂಡ್ವಿ, ಕ್ಷಮಿಸಿ ಅಂದೆ. ಮುಂದಿನ ಸೀಟಿನ ಇಬ್ಬರು ನನ್ನ ಅತ್ತೆ ಮಾವ ಆಗೋರು, ಅವರಿಗೆ ಇದು ಗೊತ್ತಿಲ್ಲ. ದಯವಿಟ್ಟು ಎಲ್ಲರೂ ಜೋರಾಗಿ ಚಪ್ಪಾಳೆ ಹೊಡೀರಿ ಅಂದೆ."

ಅಂದರೆ ಆ ಬಸ್ಸಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಡ್ರೈವರಿಗೂ ಗೊತ್ತಿತ್ತು. ಗೊತ್ತಿಲ್ಲದವರು ಪೇಟದ ಕೆಳಗಿದ್ದವನು, ಪಕ್ಕದ ಅವನ ಹೆಂಡತಿ, ಮತ್ತು ಸನ್ಮಾನ ಮಾಡಿದ ದಂಪತಿ. ಬಾಗಿ ನಿಂತಿದ್ದ ಆ ಮುದುಕನ ಬೋಳುತಲೆ ಶ್ಯಾಮನ ಕಣ್ಣೆದುರು ಬಂತು.

ಅವನು ಕೈಯಲ್ಲಿದ್ದ ಫೋನನ್ನು ಮೈಕಿನಂತೆ ಬಾಯಿಯ ಹತ್ತಿರ ಹಿಡಿದ. "ನಿಮ್ಮ ಎಡಗಡೆ ಕಾಣ್ತಿರೋದು ಪೋಲಿಷ್ ಅಜ್ಜಿ ಮನೆ. ಕೆಳಗಿನ ಆ ಗಿಡ್ಡ ಕಿಟಕಿ ನಂದು. ಅಜ್ಜಿ ಸಾರಿಗೂ ಸಕ್ಕರೆ ಹಾಕ್ತಿದ್ಲು. ಬಲಗಡೆ ಬಟ್ಟೆ ಒಗೆಯೋ ಅಂಗಡಿ, ಅಲ್ಲಿ ನನ್ನ ಎರಡು ಪ್ಯಾಂಟು ಕಳ್ಳತನ ಆದ್ವು." ಈ ಊರಿನಲ್ಲಿ ಅವನು ಒಂದು ಮಾತನ್ನೂ ಕಟ್ಟಬೇಕಾಗಲಿಲ್ಲ. ಮಾತು ತಾನಾಗಿ ಬರುತ್ತಿತ್ತು. ಪದ್ಮಜಾ ಕೂಡ ಇದನ್ನೆಲ್ಲ ಮೊದಲ ಸಲ ನೋಡುತ್ತಿದ್ದಳು. ಕಿಟಕಿ ಇಳಿಸಿ ಆ ಗಿಡ್ಡ ಕಿಟಕಿಯನ್ನು ತಿರುತಿರುಗಿ ನೋಡಿದಳು.

ವೇರ್‌ಹೌಸು ಹಾಗೇ ಇತ್ತು, ಬೋರ್ಡು ಮಾತ್ರ ಬೇರೆ. ತಲೆಯ ಮೇಲೆ ವಿಮಾನವೊಂದು ಹೊಟ್ಟೆ ತೋರಿಸುತ್ತಾ ಇಳಿಯಿತು. ಹಿಂಬದಿಯಲ್ಲಿ ಲಾರಿಗಳು ಸಾಲಾಗಿ ಕಟ್ಟೆಗೆ ಬೆನ್ನು ತಾಗಿಸಿ ನಿಂತಿದ್ದವು.

"ಇದೇ ಡಾಕು" ಎಂದ ಶ್ಯಾಮ. "ಆ ಕೊನೇ ಬಾಗಿಲ ಹತ್ರ ನಿಂತ್ಕೊಂಡು ನಿನಗೆ ಫೋನ್ ಮಾಡ್ತಿದ್ದೆ."

"ಹೋಗಿ ನೋಡ್ಕೊಂಡು ಬಾ" ಎಂದಳು ವಿಭಾ.

ಅವನು ಬಾಗಿಲು ತೆರೆದು ಇಳಿದ. ವಿಭಾ ಸೀಟಿನಲ್ಲೇ ಸೊಂಟ ಬಾಗಿಸಿ, ಗೈಡಮ್ಮನ ಹಾಗೆ ಅಂಗೈ ಚಾಚಿ, "ಇತ್ತೆರಾಷ್ಷಾಯ್" ಎಂದಳು.

ಹದಿನಾರು ವರ್ಷದ ಹಿಂದೆ, ಅವಳು ಸ್ಕೂಲಿನಲ್ಲಿದ್ದಾಗ, ಹೇಳದೆ ಉಳಿದಿದ್ದ ಮಾತದು. ಶ್ಯಾಮ ಕಾರಿನ ಕಿಟಕಿ ಹಿಡಿದು ಬಗ್ಗಿ, ಮಗಳ ಮುಖ ನೋಡಿ, "ಹೋಗಿ ಬರ್ತೀನಿ ಪುಟ್ಟಿ" ಎಂದು ಹೇಳಿ ಲಾರಿಗಳ ಕಡೆ ನಡೆದ.